ಅವರೆಕಾಯಿ ಬ್ಲಾಗು

ನನ್ನ ಬ್ಲಾಗನ್ನು ಯಾರೂ ಓದಲ್ಲ, ಮುಚ್ಚಿಬಿಡೋಣ ಅಂದುಕೊಂಡೇ ಅವತ್ತು ರಾಜಾಜಿನಗರದಲ್ಲಿ ಮೆಟ್ರೋ ಹತ್ತಿದೆ. ಪಕ್ಕದ ಸೀಟಿನ ಆಂಟಿ ಫೋನ್ ನೋಡಿಕೊಂಡು ಒಬ್ಬರೇ ನಗ್ತಿದ್ರು. ಬಗ್ಗಿ ನೋಡಿದೆ. ಅವರೆಕಾಯಿ ಬಿಡಿಸುವಾಗ ನಮ್ಮನೆಯಲ್ಲಿ ನಡೆಯೋ ಜಗಳದ ಬಗ್ಗೆ ನಾನೇ ಬರೆದಿದ್ದ ಬರಹ!

"ಬೇರೆಯವರ ಫೋನ್ ಇಣುಕಬಾರ್ದು ಕಣ್ರೀ," ಅಂತ ಗದರಿದ್ರು.

"ಅದು ನಾನು ಬರೆದಿದ್ದು, ಆಂಟಿ."

"ಸುಮ್ನಿರಿ. ಇದು ಯಾರೋ ಹೆಂಗಸು ಬರೆದಿರೋದು. ಗಂಡಸರು ಎಲ್ಲಿ ಕೂತ್ಕೊಂಡು ಅವರೆಕಾಯಿ ಬಿಡಿಸ್ತಾರೆ?"

ಬೇರೆ ದಾರಿ ಕಾಣದೆ ಕೈ ಚಾಚಿದೆ. ಬೆಳಗ್ಗೆ ತಾನೇ ಒಂದು ರಾಶಿ ಬಿಡಿಸಿ ಬಂದಿದ್ದೆ. ಎದುರು ಸೀಟಿನವರೆಲ್ಲ ನೋಡ್ತಿದ್ದ ಹಾಗೇ ಆಂಟಿ ನನ್ನ ಬೆರಳು ಮೂಸಿದ್ರು.

"ಅಯ್ಯೋ, ಸೊಗಡು! ನೀವೇ ಕಣ್ರೀ. ಬರೀತಾ ಇರಿ, ನಮ್ಮನೇಲೂ ಹಿಂಗೇ."

ಬ್ಲಾಗ್ ಮುಚ್ಚೋ ಮಾತು ಅಲ್ಲಿಗೇ ಬಿಟ್ಟೆ. ಆ ಸಂಜೆ ಕೈಗೆ ಸೋಪು ಹಾಕೋಕೂ ಮನಸ್ಸು ಬರಲಿಲ್ಲ.