ಭೀಮಣ್ಣ ಹೇಳಿದ ಇಂಗ್ಲಿಷ್ ಸಿನಿಮಾ

ನೀಲಿಮಾಳಿಗೆ ಸಿಟ್ಟು ಬಂದರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಅವಳ ಕರ್ಮ. ಬಾಗಿಲು ಬಡಿಯುವವಳಲ್ಲ, ದನಿ ಏರಿಸುವವಳಲ್ಲ. ಪುಣೆಯ ಹಡಪಸರದ ಒಂದು ಲ್ಯಾಬಿನಲ್ಲಿ ದಿನವಿಡೀ ಜನರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಕೆಲಸ. ಚುಚ್ಚಿಸಿಕೊಳ್ಳಲು ಬಂದವರು ಎಷ್ಟೇ ಕೂಗಾಡಲಿ, ಇವಳ ಮುಖ ನಗುತ್ತಿರಬೇಕು. ವರ್ಷಗಟ್ಟಲೆ ಹಾಗೆ ನಕ್ಕು ನಕ್ಕು ಮುಖಕ್ಕೆ ಅದೇ ರೂಢಿಯಾಗಿ ಹೋಗಿದೆ. ಹೀಗಾಗಿ ಕಳೆದ ಮಳೆಗಾಲದಿಂದ ಅವಳು ಒಳಗೊಳಗೇ ಕುದಿಯುತ್ತಿರುವುದು ಗಂಡ ಋಷಿಕೇಶನಿಗೆ ತಿಳಿದದ್ದು ಅವಳು ಬಾಯಿಬಿಟ್ಟು ಹೇಳಿದ ಮೇಲೆ. ಹೇಳಿದ ಮೇಲಾದರೂ ತಿಳಿಯಿತೇ ಎಂದರೆ, ಅದೂ ಅನುಮಾನವೇ.

ಅವಳು ಬೆಳಗಾವಿಯವಳು, ಮದುವೆಯಾಗಿ ಪುಣೆಗೆ ಬಂದವಳು. ಸೀರೆಯ ಹುಚ್ಚಿಲ್ಲ, ಬಂಗಾರದ ಹುಚ್ಚಿಲ್ಲ. ಇರುವುದು ಒಂದೇ ಹುಚ್ಚು, ಹ್ಯಾಲೆಟ್. ಹ್ಯಾಲೆಟ್ ಅಂದರೆ ಇಂಗ್ಲಿಷ್ ಸಿನಿಮಾದ ಒಬ್ಬ ಗೂಢಚಾರ. ಇವಳು ಹುಟ್ಟುವ ಮೊದಲಿನಿಂದಲೂ ಅವನ ಸಿನಿಮಾಗಳು ಒಂದರ ಹಿಂದೊಂದು ಬರುತ್ತಲೇ ಇವೆ. ನಟರು ಮುದುಕರಾಗಿ ಬದಲಾಗುತ್ತಾರೆ, ಹ್ಯಾಲೆಟ್‌ಗೆ ಮಾತ್ರ ವಯಸ್ಸಾಗುವುದಿಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಕಳಪೆ ನಾಲ್ಕನೆಯದು ಎಂದು ಅಭಿಮಾನಿಗಳು ತೀರ್ಮಾನಿಸಿ ಬಹಳ ಕಾಲವಾಯಿತು. ಅರ್ಧ ಸಿನಿಮಾ ಹಿಮದಲ್ಲಿ ಸಿಕ್ಕಿಕೊಂಡ ರೈಲಿನೊಳಗೇ ಕಳೆಯುತ್ತದೆ, ಹೊಡೆದಾಟ ಕಡಿಮೆ, ಮಾತೇ ಮಾತು. ನೀಲಿಮಾಳಿಗೆ ಆ ನಾಲ್ಕನೆಯದೇ ಪ್ರಾಣ.

ಅದಕ್ಕೆ ಕಾರಣ ಅವಳ ಅಪ್ಪ ಭೀಮಣ್ಣ. ಅವನು ಡೈರಿಯ ಹಾಲಿನ ವ್ಯಾನು ಓಡಿಸುತ್ತಿದ್ದ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದುದು ಸ್ಟಾಪ್, ರಿವರ್ಸ್, ಥ್ಯಾಂಕ್ಯೂ, ಇಷ್ಟೇ. ಆ ಸಿನಿಮಾ ಊರಿನ ಟಾಕೀಜಿಗೆ ಬಂದಾಗ ಆರನೇ ಇಯತ್ತೆಯ ಮಗಳನ್ನು ಶಾಲೆ ತಪ್ಪಿಸಿ ಮ್ಯಾಟಿನಿಗೆ ಕರೆದುಕೊಂಡು ಹೋದ. ಅವ್ವನಿಗೆ ಹೇಳಬಾರದು ಎಂದು ಆಣೆಯನ್ನೂ ಹಾಕಿಸಿದ. ಪರದೆಯ ಮೇಲೆ ಸಾಹೇಬರು ಗಡಗಡ ಇಂಗ್ಲಿಷ್ ಮಾತಾಡತೊಡಗಿದ್ದೇ ತಡ, "ನಿನಗ ತಿಳೀಲಿಕ್ಕಿಲ್ಲ, ನಾ ಹೇಳತೀನಿ ತಡಿ" ಎಂದು ಮಗಳ ಕಿವಿಗೆ ಬಾಯಿ ಹಚ್ಚಿದ.

ಒಂದು ಸಲವೂ ತಡವರಿಸಲಿಲ್ಲ ಮಾರಾಯ. ಹ್ಯಾಲೆಟ್ ಕಳೆದುಹೋದ ತಂಗಿಯನ್ನು ಹುಡುಕಿಕೊಂಡು ಹೊರಟಿದ್ದಾನೆ. ಕರೀ ಗ್ಲೌಸು ಹಾಕಿಕೊಂಡವನು ಅವನ ಸೋದರಮಾವ, ಭಾಳ ಕೆಟ್ಟ ಮನುಷ್ಯ. ಎಲ್ಲರೂ ಜೀವದ ಹಂಗು ಬಿಟ್ಟು ಕಸಿದುಕೊಳ್ಳುತ್ತಿರುವ ಆ ಪೆಟ್ಟಿಗೆಯಲ್ಲಿ ಹೊಲದ ಉತಾರ, ಅಂದರೆ ಪಹಣಿ ಪತ್ರ, ಇದೆ. ಹ್ಯಾಲೆಟ್ ಒಬ್ಬಳನ್ನು ಬರಸೆಳೆದು ಮುದ್ದಿಟ್ಟಾಗ ಭೀಮಣ್ಣ ತುಸು ಕೆಮ್ಮಿ, "ಅಕಿ ಕಣ್ಣಾಗ ಕಸ ಬಿದ್ದದ, ಊದಿ ತಗೀಲಿಕ್ಕತ್ತಾನ" ಎಂದ.

ಕಾಲೇಜಿನಲ್ಲಿದ್ದಾಗ ಅವಳು ಅದೇ ಸಿನಿಮಾವನ್ನು ಗೆಳತಿಯ ಕಂಪ್ಯೂಟರಿನಲ್ಲಿ ಇನ್ನೊಮ್ಮೆ ನೋಡಿದಳು. ಅಷ್ಟು ಹೊತ್ತಿಗೆ ಇಂಗ್ಲಿಷ್ ಬರುತ್ತಿತ್ತು. ತಂಗಿ ಇಲ್ಲ, ಸೋದರಮಾವ ಇಲ್ಲ, ಉತಾರವಂತೂ ಇಲ್ಲವೇ ಇಲ್ಲ. ಪೆಟ್ಟಿಗೆಯಲ್ಲಿದ್ದದ್ದು ಯಾವುದೋ ಸರಕಾರದ ಗುಟ್ಟು. ನೀಲಿಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅತ್ತಳು. ಯಾಕೆಂದರೆ ಅಪ್ಪನನ್ನು ಹಿಡಿದು ಕೇಳೋಣವೆಂದರೆ ಅಪ್ಪ ಆಗಲೇ ಹೋಗಿಬಿಟ್ಟಿದ್ದ. ಆಣೆ ಹಾಕಿದ್ದಳಲ್ಲ, ಅವ್ವನಿಗೂ ಹೇಳಲಿಲ್ಲ. ಹೇಳಿದ್ದು ಒಬ್ಬನಿಗೆ, ಮದುವೆಯಾದ ಹೊಸತರಲ್ಲಿ, ಗಂಡನಿಗೆ. ಅವತ್ತು ಅವನೂ ತನ್ನದೊಂದು ಕಥೆ ಹೇಳಿದ. ಕದ್ದು ಸಿನಿಮಾಕ್ಕೆ ಹೋದದ್ದಕ್ಕೆ ಅವನಪ್ಪ ದಿಗಂಬರ ಅವರು ಧಾರವಾಡದ ಮನೆಯ ಅಂಗಳದಲ್ಲಿ ಓಣಿಯವರೆಲ್ಲ ನೋಡುತ್ತಿರುವಾಗ ಬೆಲ್ಟಿನಿಂದ ಬಾರಿಸಿದ ಕಥೆ. ಇಬ್ಬರೂ ಕೈ ಕೈ ಹಿಡಿದು ಕೂತಿದ್ದರು.

ಋಷಿಕೇಶ ಖರಾಡಿಯ ಒಂದು ಕಂಪನಿಯಲ್ಲಿದ್ದಾನೆ. ಬಿಡುವಿನಲ್ಲಿ ಯೂಟ್ಯೂಬಿನಲ್ಲಿ ಸಿನಿಮಾಗಳ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಾನೆ. ಬಾಯಿ ಅವನದು, ಸರಕು ಬಹುಮಟ್ಟಿಗೆ ಹೆಂಡತಿಯದು. ಅಡುಗೆ ಮಾಡುತ್ತ ಅವಳು ಆಡಿದ ಮಾತು ಎರಡು ದಿನಕ್ಕೆ ಅವನ ವಿಡಿಯೋದಲ್ಲಿ ಅವನದೇ ವಿಚಾರವಾಗಿ ಹೊರಬರುತ್ತಿತ್ತು. ಹೋಗಲಿ, ಗಂಡನಲ್ಲವೇ ಎಂದು ಅವಳು ಸುಮ್ಮನಿದ್ದಳು. ಸುಮ್ಮನಿದ್ದವರ ಮನೆಗೇ ಕನ್ನ ಬೀಳುವುದು.

ಜುಲೈಯಲ್ಲಿ ಹ್ಯಾಲೆಟ್‌ನ ಹೊಸ ಸಿನಿಮಾ ಬಂತು. ಆ ನೆಪದಲ್ಲಿ ಋಷಿಕೇಶ ತನ್ನ ಅತ್ಯಂತ ಪ್ರೀತಿಯ ಹ್ಯಾಲೆಟ್ ಚಿತ್ರ ಯಾವುದು ಎಂದು ಒಂದು ವಿಡಿಯೋ ಹಾಕಿದ. ನೀಲಿಮಾ ಲ್ಯಾಬಿನಲ್ಲಿ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತವಳು ಫೋನಿನಲ್ಲಿ ಅದನ್ನು ಹಚ್ಚಿದಳು. "ನಮ್ಮಪ್ಪಗ ಇಂಗ್ಲಿಷ್ ಬರತಿದ್ದಿಲ್ಲ" ಎಂದು ಶುರುಮಾಡಿದ ಅವಳ ಗಂಡ. ಶಾಲೆ ತಪ್ಪಿಸಿದ್ದು, ಆಣೆ ಹಾಕಿದ್ದು, ತಂಗಿ, ಸೋದರಮಾವ, ಉತಾರ, ಕಣ್ಣಿನ ಕಸ, ಒಂದನ್ನೂ ಬಿಡಲಿಲ್ಲ. ಬೆಳಗಾವಿ ಹೋಗಿ ಧಾರವಾಡ ಆಗಿತ್ತು, ಭೀಮಣ್ಣ ಹೋಗಿ ದಿಗಂಬರ ಆಗಿದ್ದರು. ಕೊನೆಗೆ ಗಂಟಲು ಬಿಗಿದು ಬಂದಂತೆ ಮಾಡಿ ಕಣ್ಣು ಬೇರೆ ಒರೆಸಿಕೊಂಡ. ಜೀವಮಾನವಿಡೀ ಕೋರ್ಟಿನಲ್ಲಿ ಇಂಗ್ಲಿಷ್ ಕಾಗದ ಓದಿದ ಮಾವನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಕೆಳಗೆ ಜನ ಸಾಲುಸಾಲಾಗಿ ಬರೆದಿದ್ದರು, ಇಂಥ ಅಪ್ಪ ಎಲ್ಲರಿಗೂ ಸಿಗಲಿ ಎಂದು. ಅವಳು ತಿನ್ನದೆಯೇ ಡಬ್ಬಿ ಮುಚ್ಚಿದಳು.

ಸಂಜೆ ಅವನು ಬಂದು ಸೋಫಾದ ಮೇಲೆ ಕೂತ ಕೂಡಲೇ ಕೇಳಿದಳು. "ಅದು ನಮ್ಮಪ್ಪಂದು ಅಲ್ಲೇನ್ರಿ?"

ಋಷಿಕೇಶ ಫೋನಿನಿಂದ ತಲೆ ಎತ್ತಲಿಲ್ಲ. "ಹೌದು. ಆದ್ರ ನನ್ನ ಹೆಂಡತಿ ಅಪ್ಪ ಹಿಂಗ ಹೇಳಿದ್ರು ಅಂದ್ರ ಯಾರ ಕೇಳ್ತಾರ? ಕಥಿ ಹೇಳಾಂವಂದ ಇರಬೇಕು."

"ಹಂಗಾರ ನಿಮ್ಮದ ಹೇಳ್ರಿ. ಬೆಲ್ಟಿಂದು."

ಅವನ ಮುಖ ಕಪ್ಪಿಟ್ಟಿತು. ಫೋನು ಕೆಳಗಿಟ್ಟು ಹೇಳಿದ. "ನಿಮ್ಮಪ್ಪ ಈಗಿಲ್ಲ ನೀಲಿಮಾ. ನಮ್ಮಪ್ಪ ಇದ್ದಾರ. ಇದ್ದವರಿಗೆ ಒಂದೀಟು ಖುಷಿ ಆದ್ರ ನಿನಗೇನ ಕಮ್ಮಿ ಆಗ್ತದ?"

ಮಾತು ಹೇಗಿದೆ ನೋಡಿ. ಸತ್ತವರಿಗೆ ಕಮ್ಮಿಯಾಗುವುದಿಲ್ಲವಂತೆ, ಅದಕ್ಕೇ ಅವರ ಮನೆ ದೋಚಬಹುದಂತೆ. ನೀಲಿಮಾ, ಅಪ್ಪನ ಹೆಸರು ಹೇಳಿ ಇನ್ನೊಂದು ವಿಡಿಯೋ ಮಾಡಿ ಎಂದಳು. ಮಾಡೋಣ ಎಂದ. ತಿಂಗಳಾಯಿತು, ಮಾಡಲಿಲ್ಲ. ಮತ್ತೆ ಕೇಳಿದಾಗ, ಈಗ ಹೇಳಿದರೆ ಜನ ನನ್ನನ್ನು ಸುಳ್ಳ ಅಂತಾರೆ ಎಂದ. ಸುಳ್ಳನನ್ನು ಸುಳ್ಳ ಎನ್ನದೆ ಇನ್ನೇನೆನ್ನಬೇಕು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು.

ಅತ್ತ ಮಾವನವರ ಸಂಭ್ರಮವೇ ಬೇರೆ. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ಇದ್ದ ಅವರಿಗೂ ಮಗನಿಗೂ ಊಟ ಆಯಿತೇ, ಔಷಧ ತಗೊಂಡಿರಾ ಎಂಬುದರ ಆಚೆ ಮಾತಿರಲಿಲ್ಲ. ವಿಡಿಯೋ ನೋಡಿ ಧಾರವಾಡದಿಂದ ಫೋನುಗಳು ಬರತೊಡಗಿದಾಗ ಮೊದಮೊದಲು ಮುಜುಗರಪಟ್ಟುಕೊಂಡು, "ಏನೋ, ಹುಡುಗ ಹೇಳ್ತಾನ" ಎನ್ನುತ್ತಿದ್ದರು. ಬರಬರುತ್ತ ತಾವೇ ನಂಬಿದರು. ಹೌಸಿಂಗ್ ಸೊಸೈಟಿಯ ಉದ್ಯಾನದಲ್ಲಿ ಮರಾಠಿ ಗೆಳೆಯರು "ಕಾಕಾ, ತೀ ಗೋಷ್ಟ ಸಾಂಗಾ ನಾ" ಎಂದು, ಆ ಕಥೆ ಹೇಳಿ ಎಂದು, ಗಂಟುಬಿದ್ದರೆ, ಅರೆಬರೆ ಮರಾಠಿಯಲ್ಲಿ ಇಡೀ ಕಥೆ ಬಿಚ್ಚುತ್ತಿದ್ದರು. ಪ್ರತಿ ಸಲ ಒಂದೊಂದು ಹೊಸ ಮಾತು ಸೇರುತ್ತಿತ್ತು. ಗಣಪತಿ ಹಬ್ಬದಲ್ಲಿ ಅಪ್ಪ ಮಗ ಇಬ್ಬರೂ ಮಂಟಪದ ಪಕ್ಕದ ವೇದಿಕೆಯ ಮೇಲೆ ಕೂತು ಜೋಡಿಯಾಗಿ ಹೇಳಿದರು. ಮಾವ ಮಗನ ಬೆನ್ನು ಚಪ್ಪರಿಸಿದರು. ಋಷಿಕೇಶನ ಮುಖ ಆಗ ಎಳೆಯ ಹುಡುಗನ ಮುಖದಂತಾಯಿತು. ಕಂಡು ಸಂತೋಷಪಡಬೇಕಾದ ದೃಶ್ಯವೇ. ನೀಲಿಮಾಳಿಗೆ ಹೊಟ್ಟೆ ಉರಿಯಿತು. ಹೀಗೆ ಹೊಟ್ಟೆ ಉರಿದುಕೊಳ್ಳುವವಳಾಗಿ ತನ್ನನ್ನು ಮಾಡಿದರಲ್ಲ ಎಂದು ಇನ್ನಷ್ಟು ಉರಿಯಿತು.

ಒಂದು ದಿನ ಚಹಾ ಕೊಡುತ್ತ ಕೇಳಿಯೇಬಿಟ್ಟಳು. "ಮಾವಾರ, ನೀವು ಆ ಸಿನಿಮಾ ನೋಡೀರೇನ್ರಿ?"

"ನೋಡಿರಬೇಕವಾ" ಎಂದರು ಅವರು, ಬಿಸ್ಕಿಟ್ಟು ಅದ್ದುತ್ತ. "ವಯಸ್ಸಾತು. ಎಲ್ಲಾ ಎಲ್ಲಿ ನೆನಪಿರ್ತದ."

ದೀಪಾವಳಿ ಕಳೆದ ಮೇಲೆ ನೀಲಿಮಾಳ ಅವ್ವ ಅನ್ನಪೂರ್ಣಮ್ಮ ಬೆಳಗಾವಿಯಿಂದ ನಾಲ್ಕು ದಿನ ಇದ್ದು ಹೋಗಲು ಬಂದಳು. ರವಿವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಬೀಗತಿಯ ಮುಂದೆ ಮಾವನವರಿಗೆ ಹುರುಪು ಹೆಚ್ಚಾಯಿತು. ಅನ್ನ ಸಾರು ಬರುವಷ್ಟರಲ್ಲಿ ಹ್ಯಾಲೆಟ್ ತಂಗಿಯನ್ನು ಹುಡುಕಿಕೊಂಡು ಹೊರಟಾಗಿತ್ತು. ನೀಲಿಮಾ ಬಡಿಸುತ್ತಿದ್ದಳು. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಮ್ಮನಿಯವರಿಗೂ ಸಿನಿಮಾದ ಹುಚ್ಚ ಭಾಳ ಇತ್ತ್ರಿ ಬೀಗರ" ಎಂದಳು. "ಆದ್ರ ಇಷ್ಟ ಚಂದ ಕಟ್ಟಿ ಹೇಳಲಿಕ್ಕೆ ಅವರಿಗೆಲ್ಲಿ ಬರಬೇಕ್ರಿ. ಹಾಲಿನ ಗಾಡಿ ಹೊಡಿಯೋ ಮನಷ್ಯಾ."

ನೀಲಿಮಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದು ಇನ್ನು ಹಿಡಿಯಲಾಗಲಿಲ್ಲ.

"ಅವ್ವಾ, ಅದನ್ನ ಕಟ್ಟಿ ಹೇಳಿದಾಂವ ಅಪ್ಪ. ನನ್ನ ಕಿವ್ಯಾಗ ಹೇಳಿದ್ದು. ಇಲ್ಲಿ ಕೂತವರು ಯಾರೂ ಅಲ್ಲಿ ಇದ್ದಿದ್ದಿಲ್ಲ."

ಮಾವ ತಾಟಿನಲ್ಲಿ ಕಣ್ಣು ನೆಟ್ಟು, ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದರು. ಋಷಿಕೇಶ ತಗ್ಗಿದ ದನಿಯಲ್ಲಿ, "ಊಟಕ್ಕ ಕೂತಾಗ ಬ್ಯಾಡ ನೀಲಿಮಾ" ಎಂದ. ಅವ್ವ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಕೊನೆಗೆ ಮಗಳ ಮೇಲೆ ಕಣ್ಣು ಕೆಂಪು ಮಾಡಿದಳು.

"ಮಾವಾರ ಮುಂದ ಹಿಂಗ ಮಾತಾಡ್ತಾರೇನ? ಸಣ್ಣಾಕಿ ಇದ್ದಿ, ಏನೋ ಕಲಸಿಕೊಂಡಿ." ಬೀಗರ ಕಡೆ ತಿರುಗಿ, "ತಪ್ಪ ತಿಳಕೋಬ್ಯಾಡ್ರಿ" ಎಂದಳು. ಮಾವ, "ಇರಲಿ, ಇರಲಿ ಬಿಡ್ರಿ" ಎಂದು ದೊಡ್ಡ ಮನಸ್ಸು ಮಾಡಿದರು. ಆ ದೊಡ್ಡ ಮನಸ್ಸನ್ನು ಕಂಡು ನೀಲಿಮಾಳಿಗೆ ಸಾರಿನ ಪಾತ್ರೆಯನ್ನು ಎತ್ತಿ ಅವರ ತಲೆಯ ಮೇಲೆ ಸುರಿಯುವ ಮನಸ್ಸಾಯಿತು. ಸುರಿಯಲಿಲ್ಲ, ಇನ್ನೊಂದು ಸೌಟು ಬಡಿಸಿದಳು.

ಊಟ ಮುಗಿದು ಗಂಡಸರು ಹಾಲ್‌ನಲ್ಲಿ ಟಿವಿ ಮುಂದೆ ಕೂತರು. ಅಡುಗೆಮನೆಯಲ್ಲಿ ನೀಲಿಮಾ ತಾಟು ತೊಳೆಯುತ್ತಿದ್ದಳು, ಅವ್ವ ಒರೆಸಿಡುತ್ತಿದ್ದಳು. ಆಮೇಲೆ ಅನ್ನಪೂರ್ಣಮ್ಮ ಬಾಗಿಲನ್ನು ಅರ್ಧ ಮುಚ್ಚಿ ಹತ್ತಿರ ಬಂದಳು.

"ಖರೇನ ಅವರು ಹೇಳಿದ್ದೇನ?"

ನೀಲಿಮಾ ಹೌದೆಂದು ತಲೆಯಾಡಿಸಿದಳು.

"ಅವರು ಹೋದಾಗಿಂದ ಅವರದೊಂದು ಹೊಸಾ ಮಾತ ಕೇಳಿಲ್ಲ ನಾ. ಇದ್ದದ್ದನ್ನ ತಿರುವಿ ತಿರುವಿ ಹಾಕಿಕೋತ ಕೂತೀನಿ" ಎಂದಳು ಅವ್ವ. "ಹೇಳು. ಅವರು ಹೆಂಗ ಹೇಳಿದ್ರು ಹಂಗ ಹೇಳು. ಮೊದಲಿನಿಂದ."

ನೀಲಿಮಾಳ ಸಿಟ್ಟೆಲ್ಲ ಒಮ್ಮೆಗೆ ಕರಗಿದಂತಾಯಿತು. ಕೈ ಒರೆಸಿಕೊಂಡು, ನೆಲದ ಮೇಲೆ ಅವ್ವನ ಮಗ್ಗುಲಲ್ಲಿ ಕೂತು, ಅವಳ ಕಿವಿಯ ಹತ್ತಿರ ಬಾಗಿ ಹೇಳತೊಡಗಿದಳು. ಟಾಕೀಜಿನ ಕತ್ತಲು, ಅಪ್ಪನ ಅಂಗಿಗೆ ಅಂಟಿದ್ದ ಹಾಲಿನ ವಾಸನೆ, ತಂಗಿಯ ಸುದ್ದಿ. ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ರೈಲು ಹಿಮದಲ್ಲಿ ನಿಂತಿತು. ಅಡುಗೆಯವನು ತಾಟು ಹಿಡಿದು ಹ್ಯಾಲೆಟ್‌ನ ಬೋಗಿಗೆ ಬಂದ.

"ಅಂವ ಹುಬ್ಬಳ್ಳಿಯಾಂವ, ನಮ್ಮ ಮಂದಿನ, ಅದಕ್ಕ ಹ್ಯಾಲೆಟ್‌ಗ ಗುಟ್ಟು ಹೇಳ್ತಾನ ಅಂತ ಅಪ್ಪ ಅಂದ" ಎಂದಳು ನೀಲಿಮಾ.

ಅವ್ವ ಕಣ್ಣು ಮುಚ್ಚಿಕೊಂಡೇ ನಕ್ಕು, "ಹೌದವಾ, ಹೌದು. ಹಂಗ ಅಂತಿದ್ರು ಅವರು. ಎಲ್ಲಿ ಹೋದ್ರೂ ಅವರಿಗೊಬ್ಬ ನಮ್ಮ ಮಂದಿ ಸಿಗಬೇಕು. ಕಣ್ಣಿಗೆ ಕಟ್ಟಿದಂಗ ಆತು ನೋಡು" ಎಂದಳು.

ಆಗ ನೀಲಿಮಾಳಿಗೆ ಹೊಳೆಯಿತು. ಹುಬ್ಬಳ್ಳಿಯ ಅಡುಗೆಯವನು ಅಪ್ಪನವನಲ್ಲ. ಗಣಪತಿಯ ವೇದಿಕೆಯ ಮೇಲೆ ಮಾವ ಹುಟ್ಟಿಸಿದವನು. ಅಲ್ಲವೇ? ಅಥವಾ ಅಪ್ಪನೇ ಹೇಳಿದ್ದನೇ, ತಾನೇ ಋಷಿಕೇಶನಿಗೆ ಹೇಳಿ ಮರೆತಿದ್ದಳೇ? ಎಷ್ಟು ನೆನೆದರೂ ಕಿವಿಯಲ್ಲಿ ಅಪ್ಪನ ಪಿಸುಮಾತು ಏಳಲಿಲ್ಲ. ಏಳುತ್ತಿದ್ದುದು ಮೈಕಿನಲ್ಲಿ ಕೇಳಿದ ದಿಗಂಬರ ಅವರ ದನಿ. ಹಾಲ್‌ನಲ್ಲಿ ಅಪ್ಪ ಮಗ ಯಾವುದಕ್ಕೋ ಸೇರಿ ನಗುತ್ತಿದ್ದರು. ಅವಳಿಗೆ ಈ ವರ್ಷವಿಡೀ ಬಾರದಂಥ ಸಿಟ್ಟು ಬಂತು. ಎದ್ದು ಹೋಗಿ ನಮ್ಮಪ್ಪನದನ್ನು ನನಗೆ ವಾಪಸು ಕೊಡಿ ಎಂದು ಗಂಡನ ಕೊರಳಪಟ್ಟಿ ಹಿಡಿದರೂ, ಕೊಡಲು ಈಗ ಅವನ ಹತ್ತಿರವೂ ಅದು ಇರಲಿಲ್ಲ.

"ಮುಂದ?" ಎಂದಳು ಅವ್ವ, ಕಿವಿಯನ್ನು ಇನ್ನಷ್ಟು ಹತ್ತಿರ ತಂದು.