ನಗಿಸುವವನಿಗೆ ಹಾಕಿದ ಎಲೆ

ಕಾಗದದ ಪೊಟ್ಟಣ ಬಿಚ್ಚಿದ ಕೂಡಲೇ ಬೆಲ್ಲ, ತೆಂಗಿನತುರಿ, ಏಲಕ್ಕಿ ಕಲಸಿದ ಅವಲಕ್ಕಿಯ ವಾಸನೆ ಮೂಗಿಗೆ ಬಂತು. ಎಲ್ಲರಿಗೂ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಸಿನಿಮಾ ನಟನೊಬ್ಬ ತೀರಿಹೋಗಿದ್ದ. ಪುತ್ತೂರಿನ ದರ್ಬೆಯಲ್ಲಿ ಅವನ ಫ್ಲೆಕ್ಸಿಗೆ ಹಾರ ಹಾಕಿ, ದಾರಿಯಲ್ಲಿ ಹೋಗುವವರಿಗೆಲ್ಲ ಅಭಿಮಾನಿಗಳು ಅವಲಕ್ಕಿ ಹಂಚಿದ್ದರು. ಪೊಟ್ಟಣ ತಂದದ್ದು ನನ್ನ ಮೊಮ್ಮಗಳು ಶ್ರಾವ್ಯ. ಬೆಳಿಗ್ಗೆ ಟಿವಿಯ ಮುಂದೆ ಕುಳಿತು ಮೂಗು ಕೆಂಪಾಗುವಷ್ಟು ಅತ್ತ ಹುಡುಗಿ ಸಂಜೆ "ಅಜ್ಜಿ, ಇದು ನೋಡಿ" ಎಂದು ಮೊಬೈಲ್ ಹಿಡಿದಳು. ಸತ್ತವನು ಯಮನ ಎದುರು ನಿಂತು ತನ್ನದೇ ಸಿನಿಮಾದ ಮಾತು ಹೇಳುವ ಹಾಗೆ ಯಾರೋ ತಮಾಷೆ ಮಾಡಿ ಬಿಟ್ಟಿದ್ದರು. ನಾನು ನಕ್ಕೆ. ಕಟ್ಟಿಸಿಕೊಂಡ ಹಲ್ಲು ಸಡಿಲವಾಗುವಷ್ಟು ನಕ್ಕೆ. ಪೊಟ್ಟಣ ಬಿಚ್ಚಿದ್ದು ಆಮೇಲೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಚೆಂದ ಮಾಡಿ ಬರೆಯಲು ತಿಳಿಯದು. ಆದದ್ದನ್ನು ಬರೆಯುತ್ತೇನೆ.

ನಾನು ಸಣ್ಣವಳಿದ್ದಾಗ ಪುತ್ತೂರಿನ ಹತ್ತಿರದ ಕಬಕದಲ್ಲಿ ನಾವಿದ್ದದ್ದು ಬಾಡಿಗೆಯ ಹಂಚಿನ ಮನೆ. ಅಜ್ಜಿ, ಅಮ್ಮ, ಮಾವ, ಸುಂದರಿ ಚಿಕ್ಕಮ್ಮ, ನಾನು. ಜಗಲಿಯಲ್ಲಿ ಬೆಳಗಿನಿಂದ ಬೀಡಿ ಕಟ್ಟುವ ಕೆಲಸ. ಮೊರದ ತುಂಬ ಒದ್ದೆ ಎಲೆ, ಹೊಗೆಸೊಪ್ಪಿನ ಘಾಟು, ಕತ್ತರಿಯ ಸದ್ದು. ನೆರೆಮನೆಯ ಐಸಮ್ಮನೂ ತನ್ನ ಮೊರ ಹೊತ್ತುಕೊಂಡು ಬಂದು ನಮ್ಮ ಜೊತೆಯೇ ಕುಳಿತುಕೊಳ್ಳುತ್ತಿದ್ದರು. ಬಾಯಿಗೆ ಬಿಡುವಿಲ್ಲದಷ್ಟು ಮಾತು. ಚಿಕ್ಕಮ್ಮ ಮಾತ್ರ ಮಾತಾಡುತ್ತಿರಲಿಲ್ಲ. ಅವಳ ಮೂರು ವರ್ಷದ ಗಂಡುಮಗು ಬಾಬು ಜ್ವರ ಬಂದು ತೀರಿಹೋಗಿತ್ತು. ಗಂಡ ಅವಳನ್ನು ತವರಿಗೆ ಕಳಿಸಿದವನು ಮತ್ತೆ ಕರೆಯಲು ಬರಲಿಲ್ಲ. ಅವಳು ಎಲೆಯ ಮೇಲೆ ಕಣ್ಣಿಟ್ಟು ಬೀಡಿ ಸುತ್ತುತ್ತಿದ್ದಳು, ಅಷ್ಟೆ.

ಒಂದು ವರ್ಷ ಹಾಗೇ ಕಳೆದ ಮೇಲೆ ಶಾಲೆಯ ಮೈದಾನದಲ್ಲಿ ತುಳು ನಾಟಕ ಬಂತು. ಅದರಲ್ಲಿ ಹಾಸ್ಯದ ಪಾತ್ರ ಮಾಡುವವನೊಬ್ಬನಿದ್ದ. ಅವನ ಹೆಸರು ಹೇಳಿದರೆ ಪುತ್ತೂರು, ಸುಳ್ಯದ ಕಡೆ ಜನ ಕೆಲಸ ಬಿಟ್ಟು ಬರುತ್ತಿದ್ದರು. ಆ ದಿನ ಅವನು ಹೊಟ್ಟೆಬಾಕ ಅಳಿಯ. ಎಷ್ಟು ಬಡಿಸಿದರೂ ಸಾಲದೆ, ಮೂಗಿನಿಂದ ರಾಗ ಎಳೆದು "ಅತ್ತೇ, ಇನ್ನೊಂದು ಸೌಟು!" ಎನ್ನುವವನು. ಚಿಕ್ಕಮ್ಮ ನಕ್ಕಳು. ನನ್ನ ಹೆಗಲನ್ನು ನೋವಾಗುವಂತೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮರುದಿನದಿಂದ ಚಿಕ್ಕಮ್ಮ ಒಂದೆರಡು ಮಾತಾಡತೊಡಗಿದಳು. ಅಳಿಯನ ರಾಗವನ್ನು ನಾನು ಅಚ್ಚು ಹೊಡೆದ ಹಾಗೆ ಕಲಿತೆ. ಮಾವ ಬಂದವರ ಮುಂದೆಲ್ಲ ನನ್ನಿಂದ ಅದನ್ನು ಹೇಳಿಸಿ ಬೆನ್ನು ತಟ್ಟುತ್ತಿದ್ದ.

ಆ ನಟ ಇದ್ದಕ್ಕಿದ್ದಂತೆ ಸತ್ತ. ಹೂವು ಮುಚ್ಚಿದ ಲಾರಿಯಲ್ಲಿ ಹೆಣ ನಮ್ಮ ಊರಿನ ಮೇಲೆ ಹಾದುಹೋಯಿತು. ಅಂಗಡಿಗಳೆಲ್ಲ ಮುಚ್ಚಿದ್ದವು. "ಪಾಪ, ನಮ್ಮನ್ನು ನಗಿಸಿ ನಗಿಸಿ ಹೋದ" ಎಂದು ಐಸಮ್ಮ ತಲೆಬಟ್ಟೆಯ ತುದಿ ಕಚ್ಚಿಕೊಂಡು ಅತ್ತರು. ಲಾರಿ ತಿರುವು ದಾಟಿರಲಿಲ್ಲ, ಮಾವ ಹೇಳಿದ: "ಯಮನ ಹೆಂಡತಿಗೆ ಇನ್ನು ಬಡಿಸಿ ಬಡಿಸಿ ಸಾಕಾಗ್ತದೆ ಮಾರಾಯ್ರೆ." ಅಳುತ್ತಿದ್ದವರೇ ಬಿದ್ದು ಬಿದ್ದು ನಕ್ಕರು. ನಾಲ್ಕು ದಿನದಲ್ಲಿ ಅದೇ ಮಾತು ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬೇರೆಯವರ ಬಾಯಿಂದ ನಮ್ಮ ಜಗಲಿಗೇ ಮರಳಿ ಬಂತು.

ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮ ನಿಮಗೆ ಗೊತ್ತುಂಟಲ್ಲ. ಅವರಿಗೆ ಇಷ್ಟದ್ದನ್ನೆಲ್ಲ ಎಲೆಯಲ್ಲಿ ಹಾಕಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುವುದು. ಉಂಡು ಆಗಿರಬಹುದು ಎನಿಸಿದಾಗ ಬಾಗಿಲು ತಟ್ಟಿ ಒಳಗೆ ಹೋಗುವುದು. ಹದಿಮೂರನೇ ದಿನ ಚಿಕ್ಕಮ್ಮ, ಆ ನಟನಿಗೆ ಒಂದು ಎಲೆ ಹಾಕುತ್ತೇನೆ ಎಂದಳು. ಮನೆಮಾತು ತುಳು, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

"ಅವ ನಿನಗೆ ಎಂತ ಆಗ್ಬೇಕು ಸುಂದರಿ? ಗಂಡನ ಕಡೆಯವನಾ?" ಎಂದ ಮಾವ.

"ಎಂತದೂ ಆಗ್ಬೇಕಾಗಿಲ್ಲ ಅಣ್ಣ. ನನ್ನನ್ನು ನಗಿಸಿದ್ದಾನೆ. ಅಷ್ಟು ಸಾಲದಾ?"

"ಹಾಕ್ಲಿ ಬಿಡು ಮಾರಾಯ, ಒಂದು ಎಲೆ ಅಲ್ವಾ" ಎಂದರು ಅಜ್ಜಿ.

ಅನ್ನ, ಕೋಳಿಸಾರು, ಪಲ್ಯ ಎಲ್ಲ ಅವಳೊಬ್ಬಳೇ ಮಾಡಿದಳು. ಅವಳು ಒಲೆಯ ಹತ್ತಿರ ಇದ್ದಾಗ ನಾನು ಎಲೆ ಹಾಕುವ ಕೋಣೆಗೆ ನುಗ್ಗಿ ಅಕ್ಕಿಯ ಡಬ್ಬದ ಹಿಂದೆ ಕುಳಿತೆ. ಇದು ಮಾವ ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ. ಹನ್ನೊಂದು ವರ್ಷ, ಏನೂ ತಿಳಿಯದ ವಯಸ್ಸೇನಲ್ಲ. ಚಿಕ್ಕಮ್ಮ ಬಂದು ಬಡಿಸಿದಳು. ಆಮೇಲೆ ಸೆರಗಿನ ಒಳಗಿನಿಂದ ಅಂಗೈಯಷ್ಟು ಸಣ್ಣ ಎಲೆ ತೆಗೆದು, ದೊಡ್ಡ ಎಲೆಯ ಬದಿಗಿಟ್ಟು, ಅದರಲ್ಲಿ ಒಂದು ಹಿಡಿ ಬೆಲ್ಲದ ಅವಲಕ್ಕಿ ಹಾಕಿದಳು. ಸತ್ತುಹೋದ ಸಣ್ಣ ಮಕ್ಕಳಿಗೆ ಬಡಿಸುವ ಕ್ರಮ ನಮ್ಮಲ್ಲಿಲ್ಲ. ಬಾಬುವಿಗೆ ಯಾರೂ ಎಲೆ ಹಾಕಿರಲಿಲ್ಲ. ಅವಳು ಬಾಗಿಲೆಳೆದು ಹೊರಗೆ ಹೋದಳು.

ನನಗೆ ಹಸಿವಾಗಿತ್ತು. ಕೋಳಿಸಾರು ಮುಟ್ಟಿದರೆ ಗೊತ್ತಾಗುತ್ತದೆಂದು ಅವಲಕ್ಕಿ ತಿಂದೆ. ಪೂರ್ತಿ ತಿಂದು, ಎಲೆ ನೆಕ್ಕಿ, ಬಾಯಿ ಒರೆಸಿಕೊಂಡು, ಮೂಗಿನಿಂದ ರಾಗ ಎಳೆದೆ: "ಅತ್ತೇ, ಇನ್ನೊಂದು ಸೌಟು!"

ಹೊರಗೆ ಮಾವನ ನಗು, ಐಸಮ್ಮನ ನಗು, ಅಮ್ಮನ ನಗು. ಆ ನಗುವಿನ ನಡುವೆ ಬಾಗಿಲು ದೂಡಿಕೊಂಡು ಚಿಕ್ಕಮ್ಮ ಬಂದಳು. ಕೈಯಲ್ಲಿ ಸೌಟು. ಸಾರು ತೊಟ್ಟಿಕ್ಕುತ್ತಿತ್ತು. "ಬಂದೆ, ಬಂದೆ" ಎನ್ನುತ್ತಿದ್ದಳು. ಅವಳು ನಂಬಿದ್ದಳು. ಮೊದಲು ಕಂಡದ್ದು ಖಾಲಿಯಾದ ಸಣ್ಣ ಎಲೆ. ಆಗ ಅವಳ ಮುಖ ಹೇಗಾಯಿತು ಎಂದು ಬರೆಯಲು ನನ್ನಿಂದಾಗದು. ಆಮೇಲೆ ಡಬ್ಬದ ಹಿಂದಿದ್ದ ನಾನು ಅವಳ ಕಣ್ಣಿಗೆ ಬಿದ್ದೆ. ಅಜ್ಜಿ ನನ್ನ ಜಡೆ ಹಿಡಿದು ಹೊರಗೆಳೆದು ಬಾರಿಸಿದರು. ಚಿಕ್ಕಮ್ಮ ಸಾರನ್ನು ದೊಡ್ಡ ಎಲೆಗೆ ಸುರಿದು ಒಲೆಯ ಕಡೆ ಹೋದಳು. ಊರಿಡೀ ಈ ಕತೆ ಹೇಳಿ ನಕ್ಕಿತು. ನಾನೂ ಹೇಳಿ ನಗಿಸಿದ್ದೇನೆ, ಮದುವೆಯಾದ ಮನೆಯಲ್ಲಿಯೂ. ಅವಲಕ್ಕಿಯ ವಿಷಯ ಬಿಟ್ಟು.

ಈಗ ಆ ಮನೆಯಿಲ್ಲ, ಹೊರಗೆ ಕುಳಿತು ನಕ್ಕವರಲ್ಲಿ ಒಬ್ಬರೂ ಇಲ್ಲ. ಚಿಕ್ಕಮ್ಮ ಕೊನೆಗೆ ಸುಳ್ಯದಲ್ಲಿ ಮಾವನ ಮಗಳ ಮನೆಯಲ್ಲಿದ್ದಳು. ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ನೋಡಲು ಹೋದೆ, ಅವಲಕ್ಕಿ ತಿಂದದ್ದು ನಾನೇ ಎಂದು ಈ ಸಲ ಹೇಳಿಯೇ ಬರಬೇಕೆಂದು. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದುಕೊಂಡಳು.

"ಆ ದಿನ ನೀನು ಒಳಗೆ ಇದ್ದಿಯಲ್ಲ. ದೊಡ್ಡ ಎಲೆ ಇಟ್ಟ ಹಾಗೇ ಇತ್ತು. ಸಣ್ಣದು ಖಾಲಿ. ನಾನು ಯಾರ ಹತ್ರವೂ ಹೇಳಲಿಲ್ಲ, ನಗ್ತಾರೆ ಅಂತ. ಬಾಬು ಬಂದದ್ದು ನೀನು ನೋಡಿದ್ದಿಯಾ?"

"ನೋಡಿದೆ ಚಿಕ್ಕಮ್ಮ."

"ಹೇಗಿದ್ದ?"

"ದಪ್ಪ ಆಗಿದ್ದ" ಎಂದೆ.

ಚಿಕ್ಕಮ್ಮ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ, ಸದ್ದಿಲ್ಲದೆ ನಕ್ಕಳು. ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತು. ನನ್ನ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ. ಒಂದೊಂದೇ ಬೆರಳು ಬಿಡಿಸಿಕೊಂಡು ಬಸ್ಸಿಗೆ ಹೊರಟೆ.