ನಾಗಶ್ರೀಯ ಇಪ್ಪತ್ತಾರಿಂಚಿನ ಸೈಕಲ್

ಗೋಣಿಬೀಡಿನ ಸುತ್ತಲ ಕಾಫಿ ಎಸ್ಟೇಟುಗಳ ಕೂಲಿಮನೆ ಲೈನುಗಳಲ್ಲಿ ನಾಗಶ್ರೀಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವಳು ನರ್ಸಮ್ಮ. ಅಪ್ಪನ ಹಳೇ ದೊಡ್ಡ ಸೈಕಲ್ಲಿಗೆ ಲಸಿಕೆ ಡಬ್ಬಿ ಕಟ್ಟಿಕೊಂಡು ಹನ್ನೆರಡು ವರ್ಷ ತಿರುಗಿದವಳು. ಏರಿನಲ್ಲಿ ತಳ್ಳಬೇಕು, ಹಳ್ಳ ಅಡ್ಡ ಬಂದರೆ ಸೈಕಲ್ ಹೊತ್ತು ಮರದ ಸಂಕ ದಾಟಬೇಕು. 2005ರಲ್ಲಿ ಗೇರ್ ಸೈಕಲ್ ಕೊಳ್ಳುವ ಮನಸ್ಸಾದಾಗ ನೇರ ಮೂಡಿಗೆರೆಯ ರುದ್ರೇಶನ ಅಂಗಡಿಗೆ ಹೋದಳು.

ರುದ್ರೇಶ ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವನು. ಅವನ ತಾಯಿ ವಿಶಾಲಾಕ್ಷಮ್ಮನಿಗೆ ಲಕ್ವ ಹೊಡೆದಾಗ ಮೂರು ತಿಂಗಳು ದಿನಾ ಹೋಗಿ, ಕೈಕಾಲು ನೀವಿ, ಎಬ್ಬಿಸಿ ನಡೆಸಿದವಳು ನಾಗಶ್ರೀಯೇ.

"ಇಪ್ಪತ್ತೆಂಟಿಂಚಿನ ಚಕ್ರ ಬೇಡ, ನಿನ್ನ ಕಾಲು ನೆಲಕ್ಕೆ ಎಟುಕಲ್ಲ," ಎಂದ ರುದ್ರೇಶ. "ಇಪ್ಪತ್ನಾಲ್ಕು ಗುಂಡಿಗೆ ಬಿದ್ರೆ ಏಳಲ್ಲ. ಇಪ್ಪತ್ತಾರು ತಗೋ, ದಪ್ಪ ಟೈರು. ಟ್ಯೂಬೂ ಇಲ್ಲೇ ಸಿಗ್ತದೆ."

"ಫ್ರೇಮು?"

"ಕಬ್ಬಿಣ ಭಾರ. ಅಲ್ಯೂಮಿನಿಯಂ ಹಗುರ, ರೇಟು ಜಾಸ್ತಿ. ಮುರಿದ್ರೆ ಮಾತ್ರ ನಮ್ಮ ಕಡೆ ಬೆಸೆಯೋರಿಲ್ಲ. ಯೋಚ್ನೆ ಮಾಡು."

"ಹೊರೋಳು ನಾನಲ್ವಾ ಮಾರಾಯ? ಹಗುರದ್ದೇ ಇರ್ಲಿ."

ಹದಿನೈದು ದಿನಕ್ಕೆ ನೀಲಿ ಬಣ್ಣದ ಸೈಕಲ್ ಬಂತು. ಚಕ್ರ ಹೇಳಿ ಮಾಡಿಸಿದಂತಿತ್ತು. ಕಲ್ಲು, ಬೇರು ಯಾವುದಕ್ಕೂ ಜಗ್ಗಲಿಲ್ಲ. ಆದರೆ ಸಂಕದ ಮೇಲೆ ಹೊತ್ತಾಗ ಹೆಗಲು ಹಳೆಯಂತೆಯೇ ನೋಯುತ್ತಿತ್ತು. ನನಗೇ ವಯಸ್ಸಾಗುತ್ತಿದೆ ಅಂದುಕೊಂಡಳೇ ಹೊರತು ಗೆಳೆಯನ ಮೇಲೆ ಅನುಮಾನ ಸುಳಿಯಲಿಲ್ಲ.

ಮರುವರ್ಷದ ಆಷಾಢದಲ್ಲಿ ಸೀಟಿನ ಕೆಳಗೆ ಫ್ರೇಮ್ ಬಿರುಕು ಬಿಟ್ಟಿತು. ಇನ್ನು ಇದರ ಕಥೆ ಮುಗಿಯಿತೆಂದುಕೊಳ್ಳುತ್ತಲೇ ಎರಡು ಮೈಲಿ ತಳ್ಳಿಕೊಂಡು ಬಂದು, ವೆಲ್ಡಿಂಗ್ ಮಾಡುವ ಸಿದ್ದಬಸಪ್ಪನ ಮುಂದೆ ನಿಲ್ಲಿಸಿದಳು.

"ಅಲ್ಯೂಮಿನಿಯಂ ಕಣಣ್ಣ. ಏನಾದ್ರೂ ದಾರಿ ಇದ್ಯಾ?"

ಸಿದ್ದಬಸಪ್ಪ ಬಣ್ಣ ಕೆರೆದು ನೋಡಿದ. ಹಳೇ ಸ್ಪೀಕರಿನ ಅಯಸ್ಕಾಂತ ತಂದು ಹಿಡಿದ. ಅದು ಟಪ್ಪನೆ ಕಚ್ಚಿಕೊಂಡಿತು.

"ಯಾರಮ್ಮ ಹಂಗಂದಿದ್ದು? ಅಪ್ಪಟ ಕಬ್ಬಿಣ ಇದು. ಹತ್ತು ನಿಮಿಷ ಕೂತ್ಕೊಳ್ಳಿ, ಬೆಸೆದು ಕೊಡ್ತೀನಿ."

ಸೈಕಲ್ ಉಳಿಯಿತೆಂದು ಖುಷಿಪಡಬೇಕಿತ್ತು. ಅವಳು ಅಯಸ್ಕಾಂತ ಕಿತ್ತು, ತಾನೇ ಇನ್ನೊಮ್ಮೆ ಹಿಡಿದು ನೋಡಿದಳು.

ಮಾರನೇ ದಿನ ಅಂಗಡಿಗೆ ಹೋಗಿ ಕೇಳಿದಾಗ ರುದ್ರೇಶ ಅವಳ ಮುಖ ನೋಡಲಿಲ್ಲ. ಚೈನಿಗೆ ಎಣ್ಣೆ ಬಿಡುತ್ತಲೇ, "ಆರ್ಡರ್ ಮಾಡಿದ್ದು ಬರ್ಲೇ ಇಲ್ಲ. ಇದಿತ್ತು, ಕೊಟ್ಟೆ," ಎಂದ.

"ಬಾಯ್ಬಿಟ್ಟು ಹೇಳಿದ್ರೆ ಕಬ್ಬಿಣದ್ದೇ ತಗೋತಿದ್ನಲ್ಲೋ."

"ಚಕ್ರದ ವಿಷಯ ಸರಿಯಾಗೇ ಹೇಳಿದ್ದೆ ತಾನೇ? ಅಲ್ಲೇನಾದ್ರೂ ಮೋಸ ಮಾಡಿದ್ನಾ?" ಎಣ್ಣೆ ಡಬ್ಬಿ ಕೆಳಗಿಟ್ಟು ಸೇರಿಸಿದ, "ನಿಂಗೆ ಗೊತ್ತಾಗಲ್ಲ ಅಂದ್ಕೊಂಡೆ."

ಆ ಕೊನೆಯ ಮಾತು ಅವಳಿಗೆ ಮುಳ್ಳಿನಂತೆ ನಾಟಿತು. ಅವನು ಹೆಚ್ಚಿಗೆ ತೆಗೆದುಕೊಂಡ ದುಡ್ಡು ಹಿಂದಕ್ಕೆ ಚಾಚಿದ. ಬಿಂಕ ಮಾಡದೆ ಇಸಿದುಕೊಂಡು ಬಸ್ಸು ಹತ್ತಿದಳು.

ಆ ಸೈಕಲ್ಲಿನಲ್ಲೇ ಆಮೇಲೂ ಆರು ವರ್ಷ ಲೈನು ಸುತ್ತಿದಳು. ಪಂಕ್ಚರ್ ಹಾಕುವುದನ್ನು ಸಿದ್ದಬಸಪ್ಪನಿಂದ ಕಲಿತಳು. ವಿಶಾಲಾಕ್ಷಮ್ಮನ ಬಿಪಿ ನೋಡಲು ಪ್ರತಿ ಸೋಮವಾರ ಹೋಗುವುದನ್ನು ಬಿಡಲಿಲ್ಲ. ಆ ಮುದುಕಿ ಏನು ತಪ್ಪು ಮಾಡಿದ್ದಳು? ಒಂದು ಸೋಮವಾರ ರುದ್ರೇಶ ಮನೆಯಲ್ಲೇ ಇದ್ದ. ಏನೋ ಹೇಳಲೆಂದು ಬಾಗಿಲಿಗೆ ಬಂದು, "ನಾಗೂ," ಎಂದ.

ಅವಳು ಬಿಪಿ ಪಟ್ಟಿ ಸುತ್ತುತ್ತಾ ತಲೆಯೆತ್ತದೆ ಕೇಳಿದಳು:

"ಅಮ್ಮಂಗೆ ಬೆಳಿಗ್ಗೆ ಮಾತ್ರೆ ಕೊಟ್ರಾ ನೀವು?"